ಒಂದೇ ಮೋಡದ ಹಲವು ಆವೃತ್ತಿಗಳು

(ನಾಗಲದಿನ್ನೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



2009ರ ಹಸ್ತ ಮಳೆ ಎಂದರೆ ಈ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಮುಂಗಾರು ವಾಡಿಕೆಯ ಶೇಕಡಾ 78ರಷ್ಟು ಮಾತ್ರ ಸುರಿದಿತ್ತು. ಬರವೆಂದು ಕೈಚೆಲ್ಲಿದ್ದ ಸೀಮೆಯ ಮೇಲೆ ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ಮೋಡ ಕವಿಯಿತು. ವಿಜಾಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಬಿದ್ದ ನೀರು ಕೃಷ್ಣೆಗೂ ತುಂಗಭದ್ರೆಗೂ ಇಳಿಯಿತು. ಕರ್ನೂಲು, ಮೆಹಬೂಬನಗರಗಳ ಮಳೆ ಅದಕ್ಕೆ ಸೇರಿತು. ಅಕ್ಟೋಬರ್ 2ರ ಹೊತ್ತಿಗೆ ಮಂತ್ರಾಲಯದ ಮಠದೊಳಗೆ ಹೊಳೆ ನುಗ್ಗಿತ್ತು, ಕರ್ನೂಲು ನಗರ ಮುಳುಗಿತ್ತು. 19 ಲಕ್ಷ ಕ್ಯುಸೆಕ್ ಪ್ರವಾಹಕ್ಕೆಂದು ಕಟ್ಟಿದ ಶ್ರೀಶೈಲ ಅಣೆಕಟ್ಟಿಗೆ ಸುಮಾರು 25 ಲಕ್ಷ ಕ್ಯುಸೆಕ್ ನೀರು ಬಂತು. ನಮ್ಮ ನಾಗಲದಿನ್ನೆಯ ಸೇತುವೆ ಕೊಚ್ಚಿಹೋಯಿತು.

ಆ ದಿನಗಳಲ್ಲಿ ಈ ಆಕಾಶವನ್ನು ಮೇಲಿನಿಂದ ಎಡೆಬಿಡದೆ ನೋಡುತ್ತಿದ್ದ ಕಣ್ಣುಗಳಲ್ಲಿ ಮೂರನ್ನು ಹೆಸರಿಸುತ್ತೇನೆ. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಯಲ್ಲೇ ತಿರುಗುತ್ತ, ನಮ್ಮ ಪಾಲಿಗೆ ಕದಲದೆ ನಿಂತಂತಿರುವ ಭೂಸ್ಥಿರ ಉಪಗ್ರಹಗಳು ಅವು. 74 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಮ್ಮ ಕಲ್ಪನಾ-1. 93.5 ಡಿಗ್ರಿಯಲ್ಲಿ ಇನ್‌ಸ್ಯಾಟ್-3ಎ. ಪಶ್ಚಿಮಕ್ಕೆ, 57.5 ಡಿಗ್ರಿಯಲ್ಲಿ ಯುರೋಪಿನ ಮೀಟಿಯೋಸ್ಯಾಟ್-7. ಇಂದು ಒಬ್ಬ ವಿದ್ಯಾರ್ಥಿನಿ ಆ ಅಕ್ಟೋಬರ್ 1ರ ರಾತ್ರಿ ನಾಗಲದಿನ್ನೆಯ ಮೇಲಿದ್ದ ಮೋಡದ ನೆತ್ತಿ ಎಷ್ಟು ತಣ್ಣಗಿತ್ತು, ಅದರಿಂದ ಎಷ್ಟು ಮಳೆ ಬಿದ್ದಿರಬೇಕು ಎಂದು ಹುಡುಕಿದರೆ ಆಕೆಗೆ ಒಂದು ಉತ್ತರ ಸಿಗುವುದಿಲ್ಲ. ಉಪಗ್ರಹಕ್ಕೊಂದು ಉತ್ತರ, ಒಂದೇ ಉಪಗ್ರಹದಲ್ಲೂ ಸಂಸ್ಕರಣೆಯ ಹಂತಕ್ಕೊಂದು, ಆಮೇಲೆ ಹಳೆಯ ದತ್ತಾಂಶವನ್ನು ಮತ್ತೆ ತಿದ್ದಿ ಹೊರತಂದ ಆವೃತ್ತಿಗೊಂದು. ನಾನು ಇಂದು ಹೇಳಬೇಕೆಂದಿರುವುದು ಒಂದೇ ಮಾತು: ಯಾವ ಉಪಗ್ರಹ, ಯಾವ ಹಂತ, ಯಾವ ಆವೃತ್ತಿ ಎಂಬ ಗುರುತಿಲ್ಲದ ಅಂಕಿ ಅರ್ಧ ಅಂಕಿ. ಅದರ ಮೇಲೆ ಬರವನ್ನೂ ಬೆಳೆನಷ್ಟವನ್ನೂ ಹವಾಮಾನ ಬದಲಾವಣೆಯನ್ನೂ ತೀರ್ಮಾನಿಸಬಾರದು.

ಈ ತೊಡಕು ಉಪಗ್ರಹದಿಂದ ಶುರುವಾದದ್ದಲ್ಲ. ನಮ್ಮ ಸೀಮೆಯ ಮಳೆ ದಾಖಲೆಯನ್ನೇ ತೆಗೆದುಕೊಳ್ಳಿ. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆದ್ದರಿಂದ ಆದೋನಿಯ ಹಳೆಯ ಮಳೆ ಲೆಕ್ಕ ಮದರಾಸು ಸರ್ಕಾರದ ಬಳ್ಳಾರಿ ಜಿಲ್ಲಾ ದಾಖಲೆಗಳಲ್ಲಿದೆ, ಅಂಗುಲಗಳಲ್ಲಿದೆ. ಹೊಸದು ಕರ್ನೂಲಿನಲ್ಲಿದೆ, ಮಿಲಿಮೀಟರುಗಳಲ್ಲಿದೆ. ಮತ್ತೆ 2022ರ ಏಪ್ರಿಲ್ 4ರಂದು ನಂದ್ಯಾಲ ಪ್ರತ್ಯೇಕ ಜಿಲ್ಲೆಯಾಯಿತು. ನಲ್ಲಮಲದ ಕಾಡೂ ಅಲ್ಲಿನ ಹೆಚ್ಚಿನ ಮಳೆಯೂ ಆ ಕಡೆ ಹೋದವು. 'ಕರ್ನೂಲು ಜಿಲ್ಲೆಯ ಸರಾಸರಿ ಮಳೆ' ಎಂದು 2021ರಲ್ಲಿ ಹೇಳಿದ್ದೂ 2023ರಲ್ಲಿ ಹೇಳಿದ್ದೂ ಒಂದೇ ನೆಲದ ಮಾತಲ್ಲ. ಒಂದು ಹನಿ ಹೆಚ್ಚು ಕಡಿಮೆಯಾಗದಿದ್ದರೂ ಸರಾಸರಿ ಬದಲಾಗುತ್ತದೆ. ಗಡಿ ಸರಿದದ್ದು ಗೊತ್ತಿಲ್ಲದವನು ಮಳೆಯೇ ಸರಿಯಿತೆಂದು ತಿಳಿಯುತ್ತಾನೆ. ಉಪಗ್ರಹಗಳ ಲೆಕ್ಕದಲ್ಲಿ ಇಂಥ ಗಡಿಗಳು ಇನ್ನೂ ಹೆಚ್ಚು, ಮತ್ತು ಅವು ಕಣ್ಣಿಗೆ ಕಾಣುವುದಿಲ್ಲ.

ಭಾರತದ ಭೂಸ್ಥಿರ ಹವಾಮಾನ ಚಿತ್ರಗಳ ಕಥೆ ಇನ್‌ಸ್ಯಾಟ್-1ಎಯಿಂದ ಆರಂಭ. 1982ರ ಏಪ್ರಿಲ್‌ನಲ್ಲಿ ಹಾರಿದ ಅದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆಟ್ಟಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್‌ಸ್ಯಾಟ್-1ಬಿ ನಿಂತು ಕೆಲಸ ಮಾಡಿತು. ದೂರದರ್ಶನದಲ್ಲಿ ನೋಡಿದ ಬಿಳಿ ಮೋಡದ ಚಿತ್ರಗಳು ಹಿರಿಯರಿಗೆ ನೆನಪಿರಬಹುದು. ಅದೇ 1983ರ ಜುಲೈನಲ್ಲಿ ಜಗತ್ತಿನ ಎಲ್ಲ ಹವಾಮಾನ ಉಪಗ್ರಹಗಳ ಚಿತ್ರ ಸೇರಿಸಿ ಮೋಡಗಳ ಲೆಕ್ಕ ಇಡುವ ಒಂದು ಅಂತರರಾಷ್ಟ್ರೀಯ ಯೋಜನೆ ಆರಂಭವಾಯಿತು, ಐಎಸ್‌ಸಿಸಿಪಿ ಎಂದು ಅದರ ಹೆಸರು. ಆದರೆ ಆ ಲೆಕ್ಕಕ್ಕೆ ಇನ್‌ಸ್ಯಾಟ್‌ನ ದತ್ತಾಂಶ ನಿಯಮಿತವಾಗಿ ಸೇರಲಿಲ್ಲ. ಯುರೋಪಿನ ಉಪಗ್ರಹ ಸೊನ್ನೆ ರೇಖಾಂಶದಲ್ಲಿತ್ತು, ಜಪಾನಿನದು 140 ಡಿಗ್ರಿಯಲ್ಲಿ. ನಾವಿರುವ 77 ಚಿಲ್ಲರೆ ಡಿಗ್ರಿ ಎರಡಕ್ಕೂ ಅಂಚಿನ ನೆಲ. ಧ್ರುವಗಳ ಮೇಲೆ ಸುತ್ತುವ ಉಪಗ್ರಹಗಳು ದಿನಕ್ಕೆ ಕೆಲವು ಸಲ ಹಾದುಹೋಗುವಾಗ ಕಂಡದ್ದರಿಂದ ಹಿಂದೂ ಮಹಾಸಾಗರದ ಮೇಲಿನ ಖಾಲಿ ಜಾಗವನ್ನು ತುಂಬಿದರು. 1998ರಲ್ಲಿ ಮೀಟಿಯೋಸ್ಯಾಟ್-5ನ್ನು 63 ಡಿಗ್ರಿಗೆ ತಂದು ನಿಲ್ಲಿಸಿದ ಮೇಲೆ ಆ ತೆರಪು ಮುಚ್ಚಿತು.

ಮುಚ್ಚಿದ್ದು ಒಳ್ಳೆಯದೇ. ಆದರೆ ಒಂದು ಮೋಡವನ್ನು ನೆತ್ತಿಯಿಂದ ನೋಡಿದಾಗ ಅದು ಆವರಿಸಿದ ಜಾಗ ಚಿಕ್ಕದು. ಓರೆಯಾಗಿ ನೋಡಿದಾಗ ಅದರ ಪಕ್ಕೆಯೂ ಕಾಣುವುದರಿಂದ ದೊಡ್ಡದು. ಅಂಚಿನ ನೋಟ ಹೋಗಿ ನೇರ ನೋಟ ಬಂದಾಗ ಲೆಕ್ಕದಲ್ಲಿ ಮೋಡ ಕಡಿಮೆಯಾಗುತ್ತದೆ, ಆಕಾಶದಲ್ಲಿ ಆಗಿರುವುದಿಲ್ಲ. 2007ರಲ್ಲಿ ಅಮೆರಿಕದ ಅಮಾಟೊ ಇವಾನ್ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ. ಐಎಸ್‌ಸಿಸಿಪಿ ದಾಖಲೆಯಲ್ಲಿ ಜಗತ್ತಿನ ಮೋಡಗಳು ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವಂತೆ ಕಾಣುತ್ತಿತ್ತು. ಆ ಇಳಿತವನ್ನು ಹವಾಮಾನದ ಬದಲಾವಣೆಯೆಂದು ಓದಬಾರದು, ಉಪಗ್ರಹಗಳ ಸ್ಥಾನ ಮತ್ತು ನೋಟದ ಕೋನ ಬದಲಾದದ್ದು ಅದರಲ್ಲಿ ಸೇರಿಕೊಂಡಿದೆ ಎಂದು ಅವರು ಬರೆದರು. ಇಡೀ ಜಗತ್ತಿನ ಲೆಕ್ಕದಲ್ಲೇ ಹೀಗಾಗಿರುವಾಗ, ಒಂದು ಮಂಡಲದ ಮೂವತ್ತು ವರ್ಷದ ನಕ್ಷೆ ಹಾಕಿ ಗೆರೆ ಎಳೆಯುವವರು ಎಷ್ಟು ಎಚ್ಚರವಾಗಿರಬೇಕು!

ಕೋನದ ಮಾತು ಬಂದದ್ದರಿಂದ ನಮ್ಮ ಊರಿಗೇ ಬರೋಣ. ನಾಗಲದಿನ್ನೆ 16 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿದೆ, ತುಂಗಭದ್ರೆಯ ದಕ್ಷಿಣ ದಡದಲ್ಲಿ. ಉಪಗ್ರಹಗಳೋ ಭೂಮಧ್ಯರೇಖೆಯ ಮೇಲೆ, ಅಂದರೆ ನಮಗೆ ಬಹಳ ದಕ್ಷಿಣಕ್ಕೆ. ಹದಿನೈದು ಕಿಲೋಮೀಟರ್ ಎತ್ತರಕ್ಕೆ ಎದ್ದ ಗುಡುಗು ಮೋಡದ ನೆತ್ತಿ ಅವಕ್ಕೆ ಊರಿನ ಮೇಲೆ ಕಾಣುವುದಿಲ್ಲ, ಆಚೆಗೆ ತಳ್ಳಿದ ಹಾಗೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿದರೆ 74 ಅಥವಾ 82 ಡಿಗ್ರಿಯಲ್ಲಿರುವ ಉಪಗ್ರಹಕ್ಕೆ ಈ ಸರಿತ ಉತ್ತರಕ್ಕೆ ಸುಮಾರು ಐದು ಕಿಲೋಮೀಟರ್. ಅಂದರೆ ನಮ್ಮ ತಲೆಯ ಮೇಲೆ ಸುರಿಯುತ್ತಿರುವ ಮೋಡ ಚಿತ್ರದಲ್ಲಿ ಹೊಳೆ ದಾಟಿ ತೆಲಂಗಾಣದ ನೆಲದ ಮೇಲೆ ಇರುತ್ತದೆ. ಮೀಟಿಯೋಸ್ಯಾಟ್-7ಕ್ಕೆ ಅದೇ ಮೋಡ ಈಶಾನ್ಯಕ್ಕೆ ಎಂಟು ಕಿಲೋಮೀಟರಿಗೂ ಹೆಚ್ಚು ಸರಿದು ಕಂಡರೆ, ಇನ್‌ಸ್ಯಾಟ್-3ಎಗೆ ವಾಯವ್ಯಕ್ಕೆ ಏಳು ಕಿಲೋಮೀಟರ್. ಒಂದೇ ಮೋಡಕ್ಕೆ ಎರಡು ಚಿತ್ರಗಳಲ್ಲಿ ಹನ್ನೆರಡು ಕಿಲೋಮೀಟರಿನಷ್ಟು ಅಂತರ. ಎರಡೂ ಉಪಗ್ರಹಗಳು ಸರಿಯಾಗಿಯೇ ನೋಡಿವೆ. ತಿದ್ದದೆ ಎರಡನ್ನೂ ಒಂದರ ಮೇಲೊಂದು ಇಟ್ಟ ನಕ್ಷೆ ಮಾತ್ರ ತಪ್ಪು.

ಇನ್ನು ಉಷ್ಣಾಂಶ. ರಾತ್ರಿ ಬೆಳಕಿಲ್ಲ, ಮೋಡವನ್ನು ಅದು ಸೂಸುವ ಅವಗೆಂಪು ಕಿರಣದಿಂದ ನೋಡಬೇಕು. 2013ರ ಜುಲೈ 26ರಂದು ಹಾರಿದ ಇನ್‌ಸ್ಯಾಟ್-3ಡಿ, 2016ರ ಸೆಪ್ಟೆಂಬರ್ 8ರ ಇನ್‌ಸ್ಯಾಟ್-3ಡಿಆರ್, 2024ರ ಫೆಬ್ರವರಿ 17ರ ಇನ್‌ಸ್ಯಾಟ್-3ಡಿಎಸ್ ಈ ಮೂರರಲ್ಲೂ ಆರು ಬಗೆಯ ಕಿರಣಗಳಲ್ಲಿ ಚಿತ್ರ ತೆಗೆಯುವ ಇಮೇಜರ್ ಇದೆ. ಉಪಗ್ರಹ ಕಳಿಸುವುದು ಉಷ್ಣಾಂಶವನ್ನಲ್ಲ, ಪ್ರತಿ ಚುಕ್ಕೆಗೂ 0ಯಿಂದ 1023ರೊಳಗಿನ ಒಂದು ಎಣಿಕೆ. ಆ ಎಣಿಕೆಗೆ ಎಷ್ಟು ಕೆಲ್ವಿನ್ ಎಂದು ಹೇಳುವ 1024 ಸಾಲಿನ ಪಟ್ಟಿ ಫೈಲಿನೊಳಗೇ ಇರುತ್ತದೆ. ಅನೇಕರು ಒಂದು ಫೈಲಿನ ಪಟ್ಟಿಯನ್ನು ತೆಗೆದಿಟ್ಟುಕೊಂಡು ವರ್ಷಗಟ್ಟಲೆಯ ಫೈಲುಗಳಿಗೆಲ್ಲ ಅದನ್ನೇ ಹಾಕುತ್ತಾರೆ. ಪ್ರೋಗ್ರಾಂ ಬೇಗ ಓಡುತ್ತದೆ ಎಂಬುದು ಕಾರಣ. ಇದು ಬೇರೆ ಬೇರೆ ಊರಿನ ಸೇರಿನಲ್ಲಿ ಅಳೆದ ಜೋಳವನ್ನು ಒಂದೇ ರಾಶಿಗೆ ಸುರಿದ ಹಾಗೆ. ಉಪಕರಣ ಹಳೆಯದಾಗುತ್ತದೆ, ಕ್ಯಾಲಿಬ್ರೇಷನ್ ತಿದ್ದುತ್ತಾರೆ, ಪಟ್ಟಿ ಬದಲಾಗುತ್ತದೆ. ಪ್ರತಿ ಫೈಲಿಗೂ ಅದರೊಳಗಿನ ಪಟ್ಟಿಯನ್ನೇ ಬಳಸಬೇಕು, ಇದರಲ್ಲಿ ರಿಯಾಯಿತಿಯಿಲ್ಲ.

ಫೈಲಿನ ಹೆಸರನ್ನು ಓದುವುದೂ ಒಂದು ವಿದ್ಯೆ. ಅಹಮದಾಬಾದಿನ ಬಾಹ್ಯಾಕಾಶ ಅನ್ವಯ ಕೇಂದ್ರದ ಮೋಸ್‌ಡ್ಯಾಕ್ ಸಂಗ್ರಹದಲ್ಲಿ ಇನ್‌ಸ್ಯಾಟ್‌ನ ಫೈಲುಗಳಿವೆ. ಹೆಸರಿನ ಮೊದಲಿಗೆ ಉಪಗ್ರಹ ಮತ್ತು ಉಪಕರಣ, ಆಮೇಲೆ ದಿನಾಂಕ, ಸಮಯ, ಸಂಸ್ಕರಣೆಯ ಹಂತ. ಆರಂಭದ ವರ್ಷಗಳ ಹೆಸರುಗಳಲ್ಲಿ ಅಷ್ಟೇ ಇತ್ತು. ನಂತರದವುಗಳಲ್ಲಿ ಕೊನೆಗೆ 'ವಿ 01 ಆರ್ 00' ಎಂಬಂಥ ಬಾಲ ಬಂತು. ಇದು ಆವೃತ್ತಿ ಮತ್ತು ಪರಿಷ್ಕರಣೆಯ ಸಂಖ್ಯೆ. ಈ ನಾಲ್ಕಾರು ಅಕ್ಷರಗಳನ್ನು ನಾನು ಬಹಳ ದೊಡ್ಡ ಪ್ರಗತಿ ಎಂದು ಭಾವಿಸುತ್ತೇನೆ. ಹೊಸ ಪ್ರೋಗ್ರಾಂಗಳು ಹಳೆಯ ಹೆಸರನ್ನು ಗುರುತಿಸದೆ ನಿಂತಾಗ ಕೆಲವರು ಹೆಸರನ್ನೇ ತಿದ್ದಿ, ಬಾಲ ಕತ್ತರಿಸಿ ಎಲ್ಲವನ್ನೂ ಒಂದೇ ಕಪಾಟಿಗೆ ಹಾಕುತ್ತಾರೆ. ಆ ಕ್ಷಣದಲ್ಲಿ ದತ್ತಾಂಶದ ಹುಟ್ಟಿನ ಗುರುತು ಅಳಿಯುತ್ತದೆ. ಐದು ವರ್ಷದ ನಂತರ ಬಂದವರು ಅದನ್ನು ಮತ್ತೆ ಕಂಡುಕೊಳ್ಳಲಾರರು.

ಹಂತದ ವಿಷಯದಲ್ಲೂ ಹೀಗೆಯೇ. ಎಲ್1ಬಿ ಎಂದರೆ ಉಪಗ್ರಹ ಕಂಡಂತೆಯೇ ಇರುವ ಇಡೀ ಭೂಗೋಳದ ಚಿತ್ರ. ಎಲ್1ಸಿ ಎಂದರೆ ಅದನ್ನು ಏಷ್ಯಾದ ಭಾಗಕ್ಕೆ ಕತ್ತರಿಸಿ ನಕ್ಷೆಯ ಚೌಕಗಳಿಗೆ ಕೂರಿಸಿದ್ದು. ನೋಡಲು ಎಲ್1ಸಿ ಸುಲಭ, ಬೇಗ ಇಳಿಸಿಕೊಳ್ಳಬಹುದು. ಆದರೆ ಚೌಕಕ್ಕೆ ಕೂರಿಸುವಾಗ ಚುಕ್ಕೆಗಳು ಸ್ಥಳ ಬದಲಿಸುತ್ತವೆ. ಸಣ್ಣ ಜಾಗದಲ್ಲಿ ಏಳುವ ಬಿರುಸಿನ ಮಳೆಮೋಡದ ಅತಿ ತಣ್ಣನೆಯ ಚುಕ್ಕೆಯನ್ನು ಹುಡುಕುವವರಿಗೆ ಅದು ಸಲ್ಲ. ಅದೂ ಅಲ್ಲದೆ ಕಲ್ಪನಾ-1ರ ಅವಗೆಂಪು ಚುಕ್ಕೆ ಎಂಟು ಕಿಲೋಮೀಟರಿನದು, 3ಡಿಯದು ನಾಲ್ಕು ಕಿಲೋಮೀಟರಿನದು. ದೊಡ್ಡ ಚುಕ್ಕೆಯೊಳಗೆ ತಣ್ಣನೆಯ ನೆತ್ತಿಯೂ ಅದರ ಪಕ್ಕದ ಬೆಚ್ಚನೆಯ ಜಾಗವೂ ಬೆರೆತು ಸರಾಸರಿಯಾಗುತ್ತವೆ. ಆದ್ದರಿಂದ 2009ರ ಮೋಡಕ್ಕಿಂತ 2019ರ ಮೋಡ ತಣ್ಣಗಿತ್ತು ಎಂದು ಯಾರಾದರೂ ಹೇಳಿದರೆ ಮೊದಲು ಕೇಳಬೇಕಾದದ್ದು: 3ಡಿಯ ನಾಲ್ಕು ಚುಕ್ಕೆಗಳನ್ನು ಕೂಡಿಸಿ ಕಲ್ಪನಾದ ಅಳತೆಗೆ ತಂದು ಹೋಲಿಸಿದಿರಾ?

ಫೈಲಿನ ಹೆಸರಿನಲ್ಲಿರುವ ಸಮಯ ಗ್ರೀನಿಚ್ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಇದು ಎಲ್ಲರಿಗೂ ಗೊತ್ತು. ಎಲ್ಲರ ಗಮನಕ್ಕೆ ಬಾರದ್ದು ಎರಡು. ಹೆಸರಿನ ಸಮಯ ಚಿತ್ರ ತೆಗೆಯಲು ಆರಂಭಿಸಿದ ಹೊತ್ತು. 3ಡಿಗೆ ಉತ್ತರದಿಂದ ದಕ್ಷಿಣಕ್ಕೆ ಇಡೀ ಭೂಗೋಳವನ್ನು ಗೆರೆಗೆರೆಯಾಗಿ ಓದಲು 26 ನಿಮಿಷ ಬೇಕು. ನಮ್ಮ ಅಕ್ಷಾಂಶಕ್ಕೆ ಬರುವಾಗ ಸುಮಾರು ಒಂಬತ್ತು ನಿಮಿಷ ಕಳೆದಿರುತ್ತದೆ. ಏಳುವ ಮೋಡಕ್ಕೆ ಒಂಬತ್ತು ನಿಮಿಷ ಸಣ್ಣದಲ್ಲ. ಎರಡನೆಯದು ಇನ್ನೂ ಮುಖ್ಯ: ನಮ್ಮ ದೇಶದಲ್ಲಿ ಮಳೆಮಾಪಕವನ್ನು ಓದುವುದು ಬೆಳಿಗ್ಗೆ 8.30ಕ್ಕೆ. ಅಕ್ಟೋಬರ್ 2ರ ಮಳೆ ಎಂದು ಬರೆದದ್ದರಲ್ಲಿ ಬಹುಪಾಲು ಅಕ್ಟೋಬರ್ 1ರಂದು ಬಿದ್ದದ್ದು. ಉಪಗ್ರಹದ ದಿನದ ಮೊತ್ತವೋ ಹೆಚ್ಚಾಗಿ ಗ್ರೀನಿಚ್ ಮಧ್ಯರಾತ್ರಿಯಿಂದ, ಎಂದರೆ ನಮ್ಮ ಬೆಳಗಿನ 5.30ರಿಂದ ಶುರುವಾಗುತ್ತದೆ. ದಿನಾಂಕ ನೋಡಿ ಎರಡನ್ನೂ ಎದುರುಬದುರು ಇಟ್ಟರೆ ಹೆಚ್ಚುಕಡಿಮೆ ಒಂದು ದಿನವೇ ತಪ್ಪುತ್ತದೆ. ಉಪಗ್ರಹ ಸುಳ್ಳು ಹೇಳಿತು ಎಂದು ಬರೆದ ಎಷ್ಟೋ ವರದಿಗಳಲ್ಲಿ ತಪ್ಪಿರುವುದು ಈ ದಿನದ ಎಣಿಕೆ.

ಈಗ ಮಳೆಯ ಅಂದಾಜು. ಅತಿ ಸರಳವಾದದ್ದು 1970ರ ದಶಕದಲ್ಲಿ ಹುಟ್ಟಿತು. 1974ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ನಡೆದ ಗೇಟ್ ಎಂಬ ದೊಡ್ಡ ಪ್ರಯೋಗದ ದತ್ತಾಂಶದಿಂದ ಫಿಲಿಪ್ ಆರ್ಕಿನ್ ಕಂಡುಕೊಂಡದ್ದು: ಒಂದು ವಿಶಾಲ ಚೌಕದಲ್ಲಿ ಮೋಡದ ನೆತ್ತಿ 235 ಕೆಲ್ವಿನ್‌ಗಿಂತ, ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ 38 ಡಿಗ್ರಿ ಕೆಳಗಿನ ಉಷ್ಣಾಂಶಕ್ಕಿಂತ, ತಣ್ಣಗಿರುವ ಭಾಗವನ್ನು ಗಂಟೆಗೆ 3 ಮಿಲಿಮೀಟರಿನಿಂದ ಗುಣಿಸಿದರೆ ಮಳೆ ಸಿಗುತ್ತದೆ. ಒಂದು ಲೆಕ್ಕ ಮಾಡೋಣ. ಚೌಕದಲ್ಲಿ ನೂರು ಚುಕ್ಕೆಗಳಿವೆ, ನಲವತ್ತು ಈ ಗೆರೆಗಿಂತ ತಣ್ಣಗಿವೆ, ಮೂರು ಗಂಟೆ ಹಾಗೇ ಇದ್ದವು ಎಂದುಕೊಳ್ಳಿ. ಮಳೆ 3.6 ಮಿಲಿಮೀಟರ್. ಹೊಸ ಆವೃತ್ತಿಯಲ್ಲಿ ಕ್ಯಾಲಿಬ್ರೇಷನ್ ತಿದ್ದಿದ್ದರಿಂದ ಎಲ್ಲ ಚುಕ್ಕೆಗಳೂ ಎರಡು ಡಿಗ್ರಿ ತಣ್ಣಗಾಗಿ, ಗೆರೆಯ ಹತ್ತಿರವಿದ್ದ ಇನ್ನೂ ಹತ್ತು ಕೆಳಗಿಳಿದವು ಎಂದುಕೊಳ್ಳಿ. ಮಳೆ 4.5 ಆಯಿತು, ಕಾಲು ಭಾಗ ಹೆಚ್ಚು. ಆಕಾಶದಲ್ಲಿ ಏನೂ ಆಗಿಲ್ಲ. ಆರ್ನೂರು ಮಿಲಿಮೀಟರಿನ ಆಸುಪಾಸಿನಲ್ಲೇ ವರ್ಷ ಕಳೆಯಬೇಕಾದ ಈ ಮಳೆನೆರಳಿನ ಸೀಮೆಯಲ್ಲಿ ಕಾಲು ಭಾಗದ ಬೆಲೆ ಏನು ಎಂದು ಹತ್ತಿ, ಶೇಂಗಾ, ಮೆಣಸಿನಕಾಯಿ ಹಾಕಿದವರಿಗೆ ನಾನು ಹೇಳಬೇಕಾಗಿಲ್ಲ.

ಆ ಸೂತ್ರ ಅಟ್ಲಾಂಟಿಕ್‌ನದು, ನಮ್ಮದಲ್ಲ ಎಂಬುದನ್ನೂ ಮರೆಯಬಾರದು. ಇಲ್ಲಿ ಮುಂಗಾರಿನಲ್ಲಿ ಮೇಲುಗಾಳಿ ಮೂಡಣದಿಂದ ಬೀಸುತ್ತದೆ. ಎಲ್ಲೋ ಎದ್ದ ಮೋಡದ ತೆಳು ನೆತ್ತಿ ನಮ್ಮ ಮೇಲೆ ಹರಡಿ ಹನಿಯೂ ಹಾಕದೆ ಹೋಗುವುದುಂಟು. ಪಶ್ಚಿಮ ಘಟ್ಟದಲ್ಲಿ ತಗ್ಗಿನ ಬೆಚ್ಚನೆಯ ಮೋಡ ಧಾರಾಕಾರ ಸುರಿದರೂ ಈ ಸೂತ್ರಕ್ಕೆ ಕಾಣದು. ಅದಕ್ಕಾಗಿಯೇ ನಮ್ಮ ವಿಜ್ಞಾನಿಗಳು ಇಮ್ಸ್ರಾ ಎಂಬ ವಿಧಾನವನ್ನು ರೂಪಿಸಿದರು, ಹೈಡ್ರೋ-ಎಸ್ಟಿಮೇಟರ್ ಎಂಬ ಇನ್ನೊಂದು ವಿಧಾನವನ್ನೂ ಬಳಸುತ್ತಾರೆ. ನೆಲಕ್ಕೆ ಹತ್ತಿರದ ಕಕ್ಷೆಯ ಉಪಗ್ರಹಗಳ ಮೈಕ್ರೋವೇವ್ ಅಳತೆಯೊಡನೆ ಭೂಸ್ಥಿರ ಚಿತ್ರ ಸೇರಿಸುವ ಜಾಗತಿಕ ದಾಖಲೆಗಳೂ ಇವೆ. ನಾಸಾದ 3ಬಿ42 ಎಂಬ ಮಳೆ ದಾಖಲೆಯ ಆರನೆಯ ಆವೃತ್ತಿಯ ಬದಲಿಗೆ 2012ರಲ್ಲಿ ಏಳನೆಯದು ಬಂತು. ಆಮೇಲೆ ಬಂದ ದಾಖಲೆಯಾದ ಐಮರ್ಗ್‌ನ ಆರನೆಯ ಆವೃತ್ತಿ 2000ದ ಜೂನ್‌ವರೆಗೆ ಹಿಂದಕ್ಕೆ ಹೋಗಿ ಲೆಕ್ಕ ಹಾಕಿತು, 2023ರಲ್ಲಿ ಏಳನೆಯದು ಬಂತು. ಹೀಗೆ 2009ರ ಪ್ರವಾಹದ ಮಳೆ ಹೊಳೆಯ ನೀರು ಇಳಿದ ಮೇಲೂ ಮತ್ತೆ ಮತ್ತೆ ಹೊಸ ಅಂಕಿ ಪಡೆಯುತ್ತಲೇ ಇದೆ. ಇದರಲ್ಲಿ ನಾಚಿಕೆಯ ವಿಷಯವೇನಿಲ್ಲ. ಅರಿವು ಹೆಚ್ಚಿದಂತೆ ಲೆಕ್ಕ ತಿದ್ದುವುದು ವಿಜ್ಞಾನದ ಧರ್ಮ. ಹಳೆಯ ಲೆಕ್ಕವನ್ನು ಅಳಿಸುವುದು, ಅಥವಾ 2015ರವರೆಗೆ ಹಳೆಯ ಆವೃತ್ತಿ, ಆಮೇಲೆ ಹೊಸದು ಎಂದು ಹೊಲಿಗೆ ಕಾಣದಂತೆ ಜೋಡಿಸುವುದು ಮಾತ್ರ ಅಧರ್ಮ.

ಅಳತೆಗೋಲುಗಳನ್ನು ಒಂದಕ್ಕೊಂದು ತಾಳೆ ಹಾಕುವ ಕೆಲಸ ನಡೆಯುತ್ತಿಲ್ಲವೆಂದಲ್ಲ. ವಿಶ್ವ ಹವಾಮಾನ ಸಂಸ್ಥೆಯ ಆಶ್ರಯದಲ್ಲಿ ಜಿಸಿಕ್ಸ್ ಎಂಬ ವ್ಯವಸ್ಥೆಯಿದೆ. ಯುರೋಪಿನ ಮೆಟಾಪ್ ಉಪಗ್ರಹದ ಐಯಾಸಿ ಎಂಬ ಅತಿ ನಿಖರ ಉಪಕರಣ ಹಾದುಹೋಗುವಾಗ ಅದೂ ಭೂಸ್ಥಿರ ಉಪಗ್ರಹವೂ ಒಂದೇ ಜಾಗವನ್ನು ಒಂದೇ ಹೊತ್ತಿನಲ್ಲಿ ಕಂಡದ್ದನ್ನು ಹೋಲಿಸಿ ತಿದ್ದುಪಡಿ ಕೊಡುತ್ತಾರೆ. ಮಧ್ಯರಾತ್ರಿಯ ಸುಮಾರಿಗೆ ಸೂರ್ಯ ಭೂಮಿಯ ಆಚೆಯಿಂದ ಉಪಕರಣದ ಬಾಯಿಗೇ ಬೆಳಗಿ ಅದನ್ನು ಬಿಸಿಯಾಗಿಸುವುದರಿಂದ ಬರುವ ದೋಷವನ್ನು ಅಳೆಯಲೂ ಇಂಥ ಹೋಲಿಕೆಗಳು ನೆರವಾಗುತ್ತವೆ. ಬೆಳಕಿನ ಚಿತ್ರಗಳಿಗೆ ನಮ್ಮ ವಿಜ್ಞಾನಿಗಳು ಕಚ್ಛದ ದೊಡ್ಡ ರಣದ ಬಿಳಿ ಉಪ್ಪಿನ ನೆಲವನ್ನು ಅಳತೆಯ ಆಧಾರವಾಗಿ ಬಳಸಿದ್ದಾರೆ. ನೆಲದಲ್ಲಿ ನಿಂತು ಅಳೆಯದೆ ಆಕಾಶದ ಅಳತೆ ಇಲ್ಲ.

ಆ ಮಾತನ್ನೇ ಹಿಡಿದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಮಂಡಲದ ಮಳೆ, ಬರ, ಬೆಳೆವಿಮೆಗಳ ಬಗ್ಗೆ ಅಂಕಿ ಕೊಡುವ ಯಾರೇ ಆಗಲಿ, ಕಚೇರಿಯಾಗಲಿ, ಪತ್ರಿಕೆಯಾಗಲಿ, ಪಿಎಚ್.ಡಿ. ಪ್ರಬಂಧವಾಗಲಿ, ಅಂಕಿಯ ಪಕ್ಕದಲ್ಲಿ ಉಪಗ್ರಹ, ಹಂತ, ಆವೃತ್ತಿ, ಇಳಿಸಿಕೊಂಡ ದಿನಾಂಕ ಇವಿಷ್ಟನ್ನು ಬರೆಯಲಿ. ಬರೆಯದಿದ್ದರೆ ಸಭೆಯಲ್ಲಿ ಎದ್ದು ಕೇಳಿ. ಈ ಭಾಗದ ಶಾಲೆಗಳು, ಕನ್ನಡ ಮಾಧ್ಯಮದ್ದಾಗಲಿ ತೆಲುಗು ಮಾಧ್ಯಮದ್ದಾಗಲಿ, ಒಂದೊಂದು ಮಳೆಮಾಪಕ ಇಟ್ಟು ದಿನಾ 8.30ಕ್ಕೆ ಓದಿ ಪುಸ್ತಕದಲ್ಲಿ ಬರೆಯಲಿ. ಮಳೆ ಇಲ್ಲದ ದಿನವೂ ಸೊನ್ನೆ ಎಂದು ಬರೆಯಲಿ, ಏಕೆಂದರೆ ಖಾಲಿ ಬಿಟ್ಟ ಜಾಗ ಸೊನ್ನೆಯಲ್ಲ. ಆದೋನಿಯ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ: 2009ರ ಸೆಪ್ಟೆಂಬರ್ 28ರಿಂದ ಅಕ್ಟೋಬರ್ 3ರವರೆಗಿನ ದತ್ತಾಂಶವನ್ನು ಸಿಗುವಷ್ಟೂ ಆವೃತ್ತಿಗಳಲ್ಲಿ ಇಳಿಸಿ, ಕೋನ ತಿದ್ದಿ, ದಿನವನ್ನು 8.30ಕ್ಕೆ ಹೊಂದಿಸಿ, ಹವಾಮಾನ ಇಲಾಖೆಯ ಮಳೆಮಾಪಕದ ಲೆಕ್ಕದೊಡನೆ ಹೋಲಿಸಿ. ಮೋಸ್‌ಡ್ಯಾಕ್‌ನಲ್ಲಿ ಹೆಸರು ನೋಂದಾಯಿಸಿಕೊಂಡರೆ ಸಂಶೋಧನೆಗೆ ದತ್ತಾಂಶ ಸಿಗುತ್ತದೆ. ನಾಸಾದ ದಾಖಲೆಗಳೂ ಉಚಿತ. ಫಲಿತಾಂಶವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಈ ಊರಿನ ಪಂಚಾಯಿತಿಗೆ ಒಂದು ಪ್ರತಿ ಕೊಡಿ.